ಜಾವಾದ ಗಮೆಲಾನ್ ನನ್ನ ಕಿವಿಗೆ ಅಪಶ್ರುತಿಯಾಗಿ ಕೇಳಿಸುವುದು ಏಕೆ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ಕಲಿಯುತ್ತಿದ್ದೇನೆ. ಬೇರೆ ಬೇರೆ ಸಂಸ್ಕೃತಿಗಳ ಸಂಗೀತವನ್ನು ಕೇಳಿ, ನಮ್ಮ ಪ್ರತಿಕ್ರಿಯೆಯನ್ನು ಪ್ರಬಂಧದ ರೂಪದಲ್ಲಿ ಬರೆಯುವ ಕೆಲಸವನ್ನು ಈ ಸೆಮಿಸ್ಟರಿನಲ್ಲಿ ಕೊಟ್ಟಿದ್ದಾರೆ. ಅದಕ್ಕಾಗಿ 1977ರಲ್ಲಿ ವಾಯೇಜರ್ ನೌಕೆಗಳೊಂದಿಗೆ ಬಾಹ್ಯಾಕಾಶಕ್ಕೆ ಕಳುಹಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಯನ್ನು ಆರಿಸಿಕೊಂಡೆ. ಸುಮಾರು 90 ನಿಮಿಷಗಳ ಆ ಸಂಗೀತದಲ್ಲಿ 27 ತುಣುಕುಗಳಿವೆ. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿ ರಾಗವೂ ಅವುಗಳಲ್ಲೊಂದು.

ಕೆಲವು ತುಣುಕುಗಳು ಮೊದಲ ಸಲಕ್ಕೇ ಹಿಡಿಸಿದವು. ಚೀನಾದ ಗುಚಿನ್ ಎಂಬ ಏಳು ತಂತಿಗಳ ವಾದ್ಯದಲ್ಲಿ ತಂತಿಯನ್ನು ಮೀಟಿದ ಮೇಲೆ ಎಡಗೈ ಬೆರಳನ್ನು ಜಾರಿಸುತ್ತಾ ನಾದವನ್ನು ಮುಂದಿನ ಸ್ವರಕ್ಕೆ ಒಯ್ಯುತ್ತಾರೆ. ಮೀಟಿನ ನಾದ ಅಡಗುತ್ತಾ ಬಂದರೂ ಬೆರಳು ತಂತಿಯ ಮೇಲೆ ಉಜ್ಜುವ ಸದ್ದು ಕೇಳಿಸುತ್ತಲೇ ಇರುತ್ತದೆ. ವೀಣೆಯನ್ನು ಕೇಳಿ ಬೆಳೆದ ನನಗೆ ಅದು ಪರಕೀಯವೆನಿಸಲೇ ಇಲ್ಲ. ಆದರೆ ಜಾವಾದ ಗಮೆಲಾನ್, ಅಂದರೆ ಕಂಚಿನ ಪಟ್ಟಿಗಳನ್ನೂ ಗಂಟೆಗಳನ್ನೂ ಬಾರಿಸುವ ಆ ವಾದ್ಯವೃಂದ, ಒಮ್ಮೆ ಮೋಹನ ರಾಗವೆನಿಸಿ, ಮರುಕ್ಷಣ ಮಧ್ಯಮಾವತಿ ರಾಗವೆನಿಸಿ, ಕೊನೆಗೆ ಎರಡೂ ಅಲ್ಲದೆ ಶ್ರುತಿ ತಪ್ಪಿದಂತೆ ಕೇಳಿಸುತ್ತದೆ. ಅದು ಎಲ್ಲಿಗೆ ಹೋಗುತ್ತಿದೆ ಎಂಬುದೂ ತಿಳಿಯುವುದಿಲ್ಲ. ಜಾರ್ಜಿಯಾ ದೇಶದ ‘ಚಾಕ್ರುಲೊ’ ಎಂಬ ಗಂಡಸರ ಹಾಡಿನಲ್ಲಿ ಮೊದಲಿಗೆ ಆಧಾರಶ್ರುತಿಯಂತಹ ಒಂದು ಧ್ವನಿ ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಆ ಧ್ವನಿಯೇ ಜಾಗ ಬಿಟ್ಟು ಸರಿಯುತ್ತದೆ, ಮತ್ತು ಆಗ ನಿಜವಾಗಿಯೂ ಕಳವಳವಾಗುತ್ತದೆ.

ಲಕ್ಷಾಂತರ ಜನರು ತಲೆಮಾರುಗಳಿಂದ ಪ್ರೀತಿಸಿಕೊಂಡು ಬಂದ ಸಂಗೀತವನ್ನು ಅಪಶ್ರುತಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅನ್ನಿಸದ ಮೆಚ್ಚುಗೆಯನ್ನು ಬರೆಯಲೂ ಮನಸ್ಸಿಲ್ಲ. ಇಂತಹ ಸಂಗೀತವನ್ನು ಹೇಗೆ ಕೇಳಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಭೌತಶಾಸ್ತ್ರ ಅಧ್ಯಾಪಕ, ಮಂಗಳೂರು

ನಿಮ್ಮ ಕಿವಿ ಬಹಳ ಚುರುಕಾಗಿದೆ. ಮೋಹನ, ಮಧ್ಯಮಾವತಿ ಎಂಬ ಎರಡು ಹೆಸರುಗಳನ್ನು ನೀವು ಒಟ್ಟಿಗೆ ಹೇಳಿದ್ದರಲ್ಲಿಯೇ ಉತ್ತರವಿದೆ.

ಒಂದು ಸ್ಥಾಯಿಯನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ಹರವನ್ನು, ಹನ್ನೆರಡು ಅರ್ಧಸ್ವರಗಳೆಂದು ಎಣಿಸಿದರೆ, ಮೋಹನದ ಸ್ವರಗಳ ನಡುವಿನ ಅಂತರಗಳು ಕ್ರಮವಾಗಿ 2, 2, 3, 2, 3 ಆಗುತ್ತವೆ. ಮಧ್ಯಮಾವತಿಯಲ್ಲಿ ಅವು 2, 3, 2, 3, 2. ಗ್ರಹಭೇದ (ಆಧಾರ ಸ್ವರವನ್ನು ಬದಲಿಸಿ ಅದೇ ಸ್ವರಗಳಿಂದ ಬೇರೆ ರಾಗವನ್ನು ಪಡೆಯುವುದು) ಕಲಿತ ನಿಮಗೆ ಗೊತ್ತಿರುವಂತೆ ಇವೆರಡೂ ಒಂದೇ ಸ್ವರಮಾಲೆಯ ಎರಡು ಮುಖಗಳು, ಮತ್ತು 3ರ ಆ ದೊಡ್ಡ ಅಂತರ ಎಲ್ಲೆಲ್ಲಿ ಬೀಳುತ್ತದೆ ಎಂಬುದರಿಂದಲೇ ಕಿವಿಯು ಆಧಾರ ಸ್ವರವಾದ ಷಡ್ಜವನ್ನು ಪತ್ತೆಹಚ್ಚುತ್ತದೆ. ನೀವು ಕೇಳಿದ ಗಮೆಲಾನ್ ತುಣುಕು ‘ಕೆತವಾಂಗ್ ಪುಸ್ಪವರ್ನ’ ಸ್ಲೆಂಡ್ರೊ ಎಂಬ ಶ್ರೇಣಿಯಲ್ಲಿದೆ. ಅಲ್ಲಿಯೂ ಐದೇ ಸ್ವರಗಳು. ಆದರೆ ಸ್ಥಾಯಿಯು ಹೆಚ್ಚುಕಡಿಮೆ ಐದು ಸಮಭಾಗಗಳಾಗುವುದರಿಂದ ಪ್ರತಿಯೊಂದು ಅಂತರವೂ 2.4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ದೊಡ್ಡದು ಯಾವುದು, ಚಿಕ್ಕದು ಯಾವುದು ಎಂಬ ಗುರುತೇ ಅಲ್ಲಿ ಮಸುಕಾಗುತ್ತದೆ. ಆದ್ದರಿಂದ ನಿಮ್ಮ ಕಿವಿ ಒಮ್ಮೆ ಮೋಹನದ ಕಡೆಗೂ ಒಮ್ಮೆ ಮಧ್ಯಮಾವತಿಯ ಕಡೆಗೂ ವಾಲಿ, ಎಲ್ಲಿಯೂ ನಿಲ್ಲಲಾರದೆ ಅದನ್ನು ಅಪಶ್ರುತಿ ಎಂದು ಕರೆದಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಲ್ಲ ಗಮೆಲಾನ್‌ಗಳಿಗೂ ಸಮಾನವಾದ ಒಂದು ಶ್ರುತಿ ಎಂಬುದಿಲ್ಲ. ಕಂಚಿನ ಪಟ್ಟಿಯ ತುದಿಗಳನ್ನು ಉಜ್ಜಿ ತೆಗೆದರೆ ಸ್ವರ ಏರುತ್ತದೆ, ನಡುಭಾಗವನ್ನು ಉಜ್ಜಿದರೆ ಇಳಿಯುತ್ತದೆ. ಹೀಗೆ ಒಂದು ವೃಂದದ ವಾದ್ಯಗಳನ್ನೆಲ್ಲ ತಯಾರಿಸುವಾಗಲೇ ಪರಸ್ಪರ ಹೊಂದಿಸುತ್ತಾರೆ. ಒಂದು ವೃಂದದ ವಾದ್ಯವನ್ನು ತೆಗೆದು ಇನ್ನೊಂದರಲ್ಲಿ ಇಟ್ಟರೆ ಜಾವಾದವರಿಗೂ ಅದು ಹೊಂದುವುದಿಲ್ಲ. ಬಾಲಿ ದ್ವೀಪದಲ್ಲಿ ಜೋಡಿ ವಾದ್ಯಗಳನ್ನು ಬೇಕೆಂದೇ ತುಸು ವ್ಯತ್ಯಾಸದಲ್ಲಿ ಇಡುತ್ತಾರೆ: ಒಂದು ಪಟ್ಟಿ ಸೆಕೆಂಡಿಗೆ 300 ಸಲ, ಅದರ ಜೋಡಿ 307 ಸಲ ಕಂಪಿಸಿದರೆ ನಾದವು ಸೆಕೆಂಡಿಗೆ 7 ಸಲ ಏರಿಳಿಯುತ್ತದೆ. ಪಿಯುಸಿಯಲ್ಲಿ ನಾವು ಬೀಟ್ಸ್ ಎಂದು ಕಲಿಸುವುದು ಇದನ್ನೇ. ಆ ಮಿನುಗು ಇಲ್ಲದ ವಾದ್ಯವು ಬಾಲಿಯವರ ಕಿವಿಗೆ ಸಪ್ಪೆ.

ಉತ್ತರ 2: ಮದ್ದಳೆ ಅಭ್ಯಾಸಿ, ಬ್ರಹ್ಮಾವರ

ಸ್ವರದ ವಿಚಾರವನ್ನು ಮೇಲಿನವರು ಚೆನ್ನಾಗಿ ಬಿಡಿಸಿದ್ದಾರೆ. ‘ಎಲ್ಲಿಗೆ ಹೋಗುತ್ತಿದೆ ತಿಳಿಯದು’ ಎಂಬ ಮಾತಿಗೆ ನಾನು ಉತ್ತರಿಸುತ್ತೇನೆ.

ಕೆತವಾಂಗ್ ಎಂದರೆ 16 ಎಣಿಕೆಗಳ ಆವರ್ತ. ಅದರ ಕೊನೆಯ ಎಣಿಕೆಗೆ ಎಲ್ಲಕ್ಕಿಂತ ದೊಡ್ಡದಾದ, ತೂಗುಹಾಕಿದ ಗಾಂಗ್ ಬೀಳುತ್ತದೆ. ನೀವು ತಾಳದ ಒತ್ತಾದ ಸಮವನ್ನು ಆವರ್ತದ ಮೊದಲಲ್ಲಿ ಹುಡುಕುತ್ತಿದ್ದೀರಿ, ಅವರು ಭಾರವನ್ನು ಕೊನೆಯಲ್ಲಿ ಇಡುತ್ತಾರೆ. ಬಿಡ್ತಿಗೆ ಎಂಬ ಚೆಂಡೆ-ಮದ್ದಳೆಯ ನುಡಿತವನ್ನು ಬಾರಿಸಿ ಮುಕ್ತಾಯಕ್ಕೆ ಬರುವಾಗ ಯಕ್ಷಗಾನದ ಪ್ರೇಕ್ಷಕರು ಆ ಕೊನೆಯ ಪೆಟ್ಟಿಗಾಗಿ ಹೇಗೆ ಕಾಯುತ್ತಾರೋ, ಗಮೆಲಾನ್‌ನಲ್ಲಿ ಪ್ರತಿಯೊಂದು ಆವರ್ತವನ್ನೂ ಹಾಗೆ ಕಾದು ಕೇಳಬೇಕು. ಮೊದಲ ಸಲ ಕೇಳುವಾಗ ಉಳಿದ ಎಲ್ಲವನ್ನೂ ಬಿಟ್ಟು ದೊಡ್ಡ ಗಾಂಗನ್ನು ಮಾತ್ರ ಹಿಂಬಾಲಿಸಿ. ಅದು ಹಿಡಿತಕ್ಕೆ ಬಂದ ಮೇಲೆ 8ನೆಯ ಎಣಿಕೆಯಲ್ಲಿ ಬೀಳುವ ಕೆನೊಂಗ್ ಎಂಬ ಗಂಟೆಯ ಪೆಟ್ಟನ್ನು ಹುಡುಕಿ. ಸಾಮಾನ್ಯವಾಗಿ ತಗ್ಗು ನಾದದ ವಾದ್ಯಗಳು ವಿರಳವಾಗಿಯೂ, ಏರು ನಾದದವು ದಟ್ಟವಾಗಿಯೂ ನುಡಿಯುತ್ತವೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಕೇಳುತ್ತಾ ಹೋಗುವುದು ಸುಲಭ.

ವಿದ್ಯಾರ್ಥಿನಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಾಂಗನ್ನೇ ಹಿಡಿದು ಕೇಳಿದಾಗ ಇಡೀ ತುಣುಕು ಸಾವಧಾನವಾಗಿ ಉಸಿರಾಡುತ್ತಿರುವಂತೆ ಅನ್ನಿಸಿತು. ಸ್ವರಗಳ ಬಗೆಗಿನ ಇರುಸುಮುರುಸು ಕಡಿಮೆಯಾಗಿದೆ, ಹೋಗಿಲ್ಲ. ಆದರೆ ಒಂದು ಸಂದೇಹ. ಮೋಹನ, ಸಮ, ಮುಕ್ತಾಯ ಎಂದು ಎಲ್ಲವನ್ನೂ ನಮ್ಮ ಹೆಸರುಗಳಿಂದಲೇ ಗುರುತಿಸುತ್ತಾ ಹೋದರೆ, ಅವರ ಸಂಗೀತದಲ್ಲಿ ನಮ್ಮದನ್ನು ಮಾತ್ರ ಕೇಳಿದಂತೆ ಆಗುವುದಿಲ್ಲವೇ?

ಉತ್ತರ 3: ಚರ್ಚ್ ಗಾಯನವೃಂದದ ಸದಸ್ಯೆ, ಮಂಗಳೂರು

ಖಂಡಿತವಾಗಿಯೂ ಆಗುತ್ತದೆ, ಮತ್ತು ಚಾಕ್ರುಲೊ ಅದಕ್ಕೆ ಒಳ್ಳೆಯ ಉದಾಹರಣೆ. ಅದು ಪೂರ್ವ ಜಾರ್ಜಿಯಾದ ಕಾಖೇತಿ ಪ್ರಾಂತದ, ಔತಣದ ಮೇಜಿನ ಸುತ್ತ ಹಾಡುವ ಬಗೆಯ ಹಾಡು. ಇಬ್ಬರು ಏಕಗಾಯಕರು ಗಮಕಗಳಿಂದ ತುಂಬಿದ ಸಾಲುಗಳನ್ನು ಹಾಡುತ್ತಾರೆ, ಉಳಿದವರು ಕೆಳಗೆ ದೀರ್ಘ ಸ್ವರವನ್ನು ಹಿಡಿಯುತ್ತಾರೆ. ನೀವು ಆ ದೀರ್ಘ ಸ್ವರವನ್ನು ತಂಬೂರಿ ಎಂದು ಭಾವಿಸಿದ್ದರಿಂದಲೇ ಅದು ಸರಿದಾಗ ನಿಮಗೆ ಕಳವಳವಾಯಿತು. ತಂಬೂರಿಯ ಧರ್ಮ ಅಲುಗದಿರುವುದು. ಇಲ್ಲಿನ ಕೆಳಧ್ವನಿಯೋ ಹಾಡಿನಲ್ಲಿ ಪಾಲುಗಾರ. ಅದು ಒಂದು ಮೆಟ್ಟಿಲು ಸರಿದರೆ ಮೇಲಿನ ಗಾಯಕರು ಹಿಡಿದುಕೊಂಡಿರುವ ಅದೇ ಸ್ವರಕ್ಕೆ ಬೇರೆಯೇ ಬಣ್ಣ ಬರುತ್ತದೆ. ನಾಲ್ಕು ಧ್ವನಿಗಳಲ್ಲಿ ಕೀರ್ತನೆ ಹಾಡುವ ನಮಗೆ ಈ ಸರಿಯುವಿಕೆ ಪರಿಚಿತವಾದರೂ, ಅಕ್ಕಪಕ್ಕದ ಸ್ವರಗಳನ್ನು ಒಟ್ಟಿಗೆ ಹಿಡಿದು ಅಲ್ಲಿಯೇ ಧೈರ್ಯವಾಗಿ ನಿಲ್ಲುವ ಅವರ ರೀತಿ ನಮಗೂ ಹೊಸದು. ಆ ಹಾಡನ್ನು ಹಾಕಿಕೊಂಡು ಕೆಳಧ್ವನಿಯ ಜೊತೆಗೆ ನೀವೇ ‘ಆ’ಕಾರದಲ್ಲಿ ಹಾಡಿ ನೋಡಿ.

ಹಾಗೆಂದು ಹೋಲಿಕೆಯನ್ನು ಬಿಡಬೇಕಾಗಿಲ್ಲ. ಹೋಲಿಕೆ ಎಲ್ಲಿ ಮುರಿಯಿತು ಎಂಬುದನ್ನು ಬರೆಯಿರಿ. ‘ಅಪಶ್ರುತಿ ಎನ್ನಿಸಿತು, ಏಕೆಂದರೆ ನನ್ನ ಕಿವಿ ದೊಡ್ಡ ಅಂತರವನ್ನು ಹುಡುಕುತ್ತಿತ್ತು’ ಎಂಬ ವಾಕ್ಯವನ್ನು ಬರೆಯಲು ಹಿಂಜರಿಯಬೇಡಿ.

ಉತ್ತರ 4: ಜಾನಪದ ಆಸಕ್ತ, ಉಡುಪಿ

ಒಂದು ಮಾತನ್ನು ಸೇರಿಸುತ್ತೇನೆ. ಇಲ್ಲಿಯವರೆಗಿನ ಚರ್ಚೆ ಸ್ವರ ಮತ್ತು ತಾಳದ ಬಗ್ಗೆ ನಡೆದಿದೆ. ಬಾರಿಸಿದವರು ಯಾರು, ಯಾವ ಸ್ಥಿತಿಯಲ್ಲಿ ಎಂಬುದನ್ನೂ ಕೇಳಬೇಕು. ನಮ್ಮ ಜಿಲ್ಲೆಯಲ್ಲಿಯೇ ಕೊರಗ ಸಮುದಾಯದ ಡೋಲನ್ನು ಕೇಳಿ ಎಷ್ಟು ಸೊಗಸಾದ ಲಯವೆಂದು ತಲೆದೂಗುವವರಿದ್ದಾರೆ. ಅದೇ ಸಮುದಾಯವನ್ನು ಕೀಳಾಗಿ ಕಂಡು ದುಡಿಸಿಕೊಂಡ, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸಿದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಇದನ್ನು ತಿಳಿದ ಮೇಲೆ ಡೋಲಿನ ಲಯ ಬದಲಾಗುವುದಿಲ್ಲ, ಆದರೆ ಕೇಳುವ ನಮ್ಮ ಹೊಣೆ ಬದಲಾಗುತ್ತದೆ.

ವಾಯೇಜರ್ ಮುದ್ರಿಕೆಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ರಾತ್ರಿಯ ಮಂತ್ರಗಾನವೂ ಇದೆ. ರೋಗಿಯನ್ನು ಗುಣಪಡಿಸಲು ಒಂಬತ್ತು ರಾತ್ರಿ ನಡೆಯುವ ಆಚರಣೆಯಿಂದ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ತುಣುಕನ್ನು ಅಲ್ಲಿ ಇಟ್ಟಿದ್ದಾರೆ. ನೀವು ಅದರ ಬಗ್ಗೆ ಬರೆಯುವುದಾದರೆ, ಇಷ್ಟವಾಯಿತೇ ಇಲ್ಲವೇ ಎಂಬುದಕ್ಕಿಂತ ಮೊದಲು ಆ ಒಂಬತ್ತು ರಾತ್ರಿಗಳ ಬಗ್ಗೆ ಓದಿಕೊಳ್ಳಿ.