ಸಹಾಯ ಬೇಕು: ದೊಡ್ಡ ಮೀನು ಓಡುವಾಗ ರೀಲಿನ ಡ್ರ್ಯಾಗ್ (ದಾರ ಬಿಚ್ಚುವುದನ್ನು ತಡೆಯುವ ಬ್ರೇಕ್) ಬಿಗಿ ಮಾಡಬೇಕಾ, ಸಡಿಲ ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರದವನು, ರಜೆ ಸಿಕ್ಕಾಗೆಲ್ಲ ಭಾವನ ಫೈಬರ್ ದೋಣಿಯಲ್ಲಿ ಗಾಳ ಹಾಕಲು ಹೋಗುತ್ತೇನೆ. ಸಣ್ಣ ಅಂಜಲ್ ಸಿಗುತ್ತದೆ, ಅದಕ್ಕೆ ತಕರಾರಿಲ್ಲ. ದೊಡ್ಡದು ಕಚ್ಚಿದಾಗ ಮಾತ್ರ ಮೂರು ಸಲವೂ ಕೈಗೆ ಬಂದದ್ದು ತುಂಡು ದಾರ!

ಮೊದಲ ಸಲ ಅಂಜಲ್ ಹಲ್ಲಿಗೆ ಲೀಡರ್ (ಗಾಳದ ಹತ್ತಿರದ ತುದಿ ದಾರ) ತುಂಡಾಯಿತು, ಸರಿ, ಒಂದಡಿ ಸ್ಟೀಲ್ ತಂತಿ ಹಾಕಿದೆ. ಎರಡನೇ ಸಲ ಗಂಟೇ ಜಾರಿತು, ಮುಖ್ಯ ದಾರಕ್ಕೆ ಲೀಡರ್ ಸೇರಿಸುವ ಎಫ್‌ಜಿ ಗಂಟು ಕಲಿತೆ (ಅಲುಗಾಡುವ ದೋಣಿಯಲ್ಲಿ ಅದನ್ನು ಹಾಕುವ ಕಷ್ಟ ಬೇಡ ಮಾರಾಯ್ರೆ, ಮನೆಯಲ್ಲೇ ಕಟ್ಟಿಕೊಂಡು ಹೋಗಿ). ಮೂರನೇದು ಕಳೆದ ಭಾನುವಾರ. ಬೆನ್ನಿನ ಹಾಯಿ ಬಿಚ್ಚಿ ಹಾರಿದ್ದನ್ನು ಕಣ್ಣಾರೆ ನೋಡಿದೆವು, ಸೈಲ್‌ಫಿಷ್. ನನ್ನದು 50 ಪೌಂಡ್ (ಸುಮಾರು 23 ಕಿಲೋ) ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ, 300 ಮೀಟರ್. ಹೊರಡುವ ಮೊದಲೇ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ಡ್ರ್ಯಾಗನ್ನು 7 ಕಿಲೋಗೆ ಇಟ್ಟಿದ್ದೆ, ಅಂದರೆ ದಾರದ ತಾಕತ್ತಿನ ಮೂರನೇ ಒಂದು ಭಾಗದೊಳಗೇ. ದಾರ ಸುತ್ತಿದ ಸ್ಪೂಲ್ ಮುಕ್ಕಾಲು ಖಾಲಿ ಆಯಿತು, ಹೆದರಿ ಸ್ವಲ್ಪ ಬಿಗಿ ಮಾಡಿದೆ, ಠಪ್! ಗಂಟಿನಲ್ಲಲ್ಲ, ಬ್ರೇಡ್ ನಡುವೆಯೇ.

ಬಿಗಿ ಮಾಡದಿದ್ದರೆ ದಾರ ಪೂರ್ತಿ ಹೋಗ್ತಿತ್ತು ಅಂತ ಭಾವ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಸ್ಪೂಲಿನ ಸುತ್ತು ಸಣ್ಣದಾದ ಹಾಗೆ ಎಳೆತ ತಾನಾಗಿಯೇ ಜಾಸ್ತಿ ಆಗುತ್ತದೆ, ಸುತ್ತು ಅರ್ಧಕ್ಕೆ ಇಳಿದರೆ ಎಳೆತ ದುಪ್ಪಟ್ಟು, ಜೊತೆಗೆ ಅಷ್ಟುದ್ದದ ದಾರವನ್ನು ನೀರು ಹಿಡಿದೆಳೆಯುವುದು ಬೇರೆ, ಅಲ್ವಾ?

ಹಾಗಾದರೆ ಅರ್ಧ ದಾರ ಹೋದ ಮೇಲೆ ಡ್ರ್ಯಾಗನ್ನು ಎಷ್ಟು ಕಿಲೋಗೆ ಇಳಿಸಬೇಕು? ಅಥವಾ ಅದನ್ನು ಮುಟ್ಟದೆ ದೋಣಿಯನ್ನೇ ಮೀನಿನ ಹಿಂದೆ ಬಿಡುವುದಾ? ದೊಡ್ಡ ಮೀನು ಎಳೆದು ಅನುಭವ ಇದ್ದವರು ಹೇಳಿ.