ಟೈಮರ್ ಆನ್ ಇದ್ದಾಗ ಮಾತ್ರ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ತಪ್ಪುತ್ತಿದೆ (ಸ್ವಂತ ಕರ್ನಲ್, ಎಕ್ಸ್86-64)

ಪ್ರಶ್ನೆ:
ಕಲಿಯಲೆಂದು ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದನ್ನು ಬರೆಯುತ್ತಿದ್ದೇನೆ. ಸದ್ಯ ಕ್ಯೂಎಮು ಎಂಬ ಎಮ್ಯುಲೇಟರ್‌ನಲ್ಲಿ, ಒಂದೇ ಕೋರ್ ಮೇಲೆ ಓಡುತ್ತದೆ. ಒಂದು ಪ್ರೋಸೆಸ್ ಪೈ ಬೆಲೆ ಕಂಡುಹಿಡಿಯುತ್ತದೆ, ಇನ್ನೊಂದು ವರ್ಗಮೂಲಗಳನ್ನು ಕೂಡುತ್ತದೆ. ಬಿಡಿಬಿಡಿಯಾಗಿ ಓಡಿಸಿದರೆ ಉತ್ತರ ಸರಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಪೈ ಬೆಲೆ ಆಗಾಗ ಎಲ್ಲಿಗೋ ಹೋಗುತ್ತದೆ. ಪ್ರೋಸೆಸ್‌ಗಳ ಸರದಿ ಬದಲಿಸುವ ಟೈಮರ್ ನಿಲ್ಲಿಸಿ, ಪ್ರೋಸೆಸ್‌ಗಳೇ ಯೀಲ್ಡ್ ಫಂಕ್ಷನ್ ಕರೆದು ಸರದಿ ಬಿಟ್ಟುಕೊಡುವಂತೆ ಮಾಡಿದರೆ ತಪ್ಪುವುದೇ ಇಲ್ಲ. ಸ್ವಿಚ್ ಮಾಡುವಾಗ ಆರ್‌ಎಎಕ್ಸ್‌ನಿಂದ ಆರ್15ರವರೆಗೆ ಸಾಮಾನ್ಯ ರಿಜಿಸ್ಟರ್‌ಗಳೆಲ್ಲವನ್ನೂ ಸ್ಟ್ಯಾಕ್‌ಗೆ ಹಾಕುತ್ತಿದ್ದೇನೆ. ಎಲ್ಲಿ ಹುಡುಕಲಿ?

ಉತ್ತರ:
ಯೀಲ್ಡ್‌ನಲ್ಲಿ ತಪ್ಪುವುದಿಲ್ಲ ಅಂದಿರಲ್ಲ, ಸುಳಿವು ಅದೇ. ಈ ಲೆಕ್ಕ ನಡೆಯುವುದು 16 ಎಕ್ಸ್‌ಎಂಎಂ ರಿಜಿಸ್ಟರ್‌ಗಳಲ್ಲಿ, ನೀವು ಉಳಿಸುವ ಪಟ್ಟಿಯಲ್ಲಿ ಅವು ಇಲ್ಲ. ಸಿಸ್ಟಮ್ ವಿ ಎಬಿಐ (ಫಂಕ್ಷನ್ ಕರೆಯುವ ನಿಯಮಾವಳಿ) ಪ್ರಕಾರ ಅವನ್ನು ಉಳಿಸಿಕೊಳ್ಳುವ ಹೊಣೆ ಕರೆಯುವ ಫಂಕ್ಷನ್‌ನದು. ಯೀಲ್ಡ್ ಕರೆಯುವ ಮೊದಲೇ ಕಂಪೈಲರ್ ಬೇಕಾದ ಬೆಲೆಗಳನ್ನು ಸ್ಟ್ಯಾಕ್‌ಗೆ ಇಳಿಸಿರುತ್ತದೆ. ಟೈಮರ್ ಇಂಟರಪ್ಟ್ ಹಾಗಲ್ಲ, ಲೆಕ್ಕದ ನಡುವೆಯೇ ಹೇಳದೆ ಕೇಳದೆ ಬರುತ್ತದೆ. ಆಗ ಒಂದು ಪ್ರೋಸೆಸ್ ಎಕ್ಸ್‌ಎಂಎಂ0ದಲ್ಲಿ ಇಟ್ಟದ್ದರ ಮೇಲೆ ಇನ್ನೊಂದು ಬರೆಯುತ್ತದೆ.

ಪ್ರತಿ ಪ್ರೋಸೆಸ್‌ಗೂ 512 ಬೈಟ್ ಜಾಗ ಕೊಡಿ. ಅದರ ವಿಳಾಸ 16ರಿಂದ ಭಾಗವಾಗಬೇಕು, ಇಲ್ಲದಿದ್ದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಬರುತ್ತದೆ. ಸ್ವಿಚ್‌ನಲ್ಲಿ ಹೊರಡುವ ಪ್ರೋಸೆಸ್‌ಗೆ ಎಫ್‌ಎಕ್ಸ್‌ಸೇವ್ (ರಿಜಿಸ್ಟರ್‌ಗಳನ್ನು ಆ ಜಾಗಕ್ಕೆ ಬರೆಯುತ್ತದೆ), ಬರುವ ಪ್ರೋಸೆಸ್‌ಗೆ ಎಫ್‌ಎಕ್ಸ್‌ರಿಸ್ಟೋರ್ (ಅಲ್ಲಿಂದ ಮರಳಿ ತುಂಬುತ್ತದೆ). ಸಿಆರ್4 ಕಂಟ್ರೋಲ್ ರಿಜಿಸ್ಟರ್‌ನ 9 ಮತ್ತು 10ನೇ ಬಿಟ್‌ಗಳು ಆನ್ ಇರಲಿ. ಎವಿಎಕ್ಸ್ (ಇನ್ನೂ ಅಗಲವಾದ ರಿಜಿಸ್ಟರ್‌ಗಳು) ಬೇಕೆಂದರೆ ಮಾತ್ರ ಎಕ್ಸ್‌ಸೇವ್. ಅದಕ್ಕೆ ವಿಳಾಸ 64ರಿಂದ ಭಾಗವಾಗಬೇಕು, ಎಷ್ಟು ಜಾಗ ಬೇಕೆಂದು ಪ್ರೊಸೆಸರ್‌ನ ವಿವರ ಕೊಡುವ ಸಿಪಿಯುಐಡಿ ಇನ್‌ಸ್ಟ್ರಕ್ಷನ್‌ನ 13ನೇ ಲೀಫ್ ಹೇಳುತ್ತದೆ.

ಕರ್ನಲ್ ಕೋಡನ್ನು 'ಎಂ-ಜನರಲ್-ರೆಗ್ಸ್-ಓನ್ಲಿ' ಫ್ಲ್ಯಾಗ್ ಹಾಕಿಯೇ ಕಂಪೈಲ್ ಮಾಡಿ. ಸ್ಟ್ರಕ್ಟ್ ಒಂದನ್ನು ನಕಲು ಮಾಡಲು ಕೂಡ ಜಿಸಿಸಿ ಕಂಪೈಲರ್ ಎಕ್ಸ್‌ಎಂಎಂ ಬಳಸಬಹುದು. ಹಾಗಾದರೆ ಪ್ರೋಸೆಸ್ ಬದಲಾಗದಿದ್ದರೂ ಇಂಟರಪ್ಟ್ ಹ್ಯಾಂಡ್ಲರೇ ಲೆಕ್ಕ ಕೆಡಿಸುತ್ತದೆ. ಇದನ್ನು ಹುಡುಕುವುದು ಬಹಳ ಕಷ್ಟ.

ಪ್ರಶ್ನೆ ಕೇಳಿದವರು:
ಹಾಗೇ ಮಾಡಿದೆ ಸರ್. ಜಾಗವನ್ನು ಸೊನ್ನೆ ತುಂಬಿಸಿ ಇಟ್ಟಿದ್ದೇನೆ. ಈಗ ಹೊಸ ಪ್ರೋಸೆಸ್ 1.0 ಭಾಗಿಸು 3.0 ಎಂಬಲ್ಲೇ 19ನೇ ಎಕ್ಸೆಪ್ಶನ್ ಕೊಟ್ಟು ನಿಲ್ಲುತ್ತದೆ.

ಉತ್ತರ:
ಆ ಸೊನ್ನೆಯೇ ಕಾರಣ. ಎಕ್ಸ್‌ಎಂಎಂ ಲೆಕ್ಕವನ್ನು ನಿಯಂತ್ರಿಸುವ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರ್‌ಗೂ ಆ ಜಾಗದಿಂದಲೇ ಬೆಲೆ ತುಂಬುತ್ತದೆ. ಅದರಲ್ಲಿ ಮಾಸ್ಕ್ ಬಿಟ್‌ಗಳು 1 ಇದ್ದರೆ ಎಕ್ಸೆಪ್ಶನ್ ಬರುವುದಿಲ್ಲ, 0 ಇದ್ದರೆ ಬರುತ್ತದೆ. ಮೂರನೇ ಒಂದು ಭಾಗ ಬೈನರಿಯಲ್ಲಿ ನಿಖರವಾಗಿ ಕೂರುವುದಿಲ್ಲ. ಅಷ್ಟಕ್ಕೇ 'ಇನೆಕ್ಸ್ಯಾಕ್ಟ್' ಎಕ್ಸೆಪ್ಶನ್ ಎದ್ದಿದೆ. ಜಾಗದ ಮೊದಲ ಎರಡು ಬೈಟ್‌ಗೆ ಹೆಕ್ಸ್ 037ಎಫ್, 24ನೇ ಬೈಟ್‌ನಿಂದ ನಾಲ್ಕು ಬೈಟ್‌ಗೆ ಹೆಕ್ಸ್ 1ಎಫ್80 ಬರೆಯಿರಿ. ಉಳಿದದ್ದು ಸೊನ್ನೆಯೇ ಇರಲಿ.

ಮತ್ತೊಬ್ಬ ಸದಸ್ಯರು:
ಪ್ರತಿ ಸ್ವಿಚ್‌ಗೂ 512 ಬೈಟ್ ಯಾಕೆ? ಸಿಆರ್0ದ ಟಿಎಸ್ ಬಿಟ್ ಹಾಕಿಟ್ಟರೆ, ಪ್ರೋಸೆಸ್ ಮೊದಲ ಸಲ ಎಫ್‌ಪಿಯು (ಫ್ಲೋಟಿಂಗ್ ಪಾಯಿಂಟ್ ಘಟಕ) ಮುಟ್ಟಿದಾಗ 7ನೇ ಎಕ್ಸೆಪ್ಶನ್ ಬರುತ್ತದೆ. ಆಗ ಬದಲಿಸಿದರೆ ಸಾಕಲ್ಲ?

ಉತ್ತರ:
ಅಪರೂಪಕ್ಕೊಂದು ಪ್ರೋಗ್ರಾಂ ಎಫ್‌ಪಿಯು ಬಳಸುತ್ತಿದ್ದ ಕಾಲಕ್ಕೆ ಅದು ಒಳ್ಳೆಯ ಉಪಾಯ. ಈಗ ಸಿ ಲೈಬ್ರರಿಯ ಮೆಮ್‌ಕಾಪಿ ಕೂಡ ಎಕ್ಸ್‌ಎಂಎಂ ಮುಟ್ಟುತ್ತದೆ, ಹೆಚ್ಚುಕಡಿಮೆ ಎಲ್ಲ ಪ್ರೋಸೆಸ್‌ಗೂ ಆ ಎಕ್ಸೆಪ್ಶನ್ ಖರ್ಚು ಬೀಳುತ್ತದೆ. ಮುಂದೆ ಎರಡನೇ ಕೋರ್ ಸೇರಿಸಿದಾಗ, ಪ್ರೋಸೆಸ್ ಇಲ್ಲಿ, ಅದರ ಬೆಲೆಗಳು ಅಲ್ಲಿ ಎಂಬ ಗೋಜಲು ಬೇರೆ. ಎಲ್ಲಕ್ಕಿಂತ ಗಂಭೀರವಾದದ್ದು 2018ರಲ್ಲಿ ಬಯಲಾದ ಲೇಜಿ-ಎಫ್‌ಪಿ ದೋಷ, ಸಿವಿಇ-2018-3665. ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ, ಆ ಎಕ್ಸೆಪ್ಶನ್ ಬರುವ ಮೊದಲೇ ಸ್ಪೆಕ್ಯುಲೇಟಿವ್ ಆಗಿ (ಊಹೆಯ ಮೇಲೆ ಮುಂಚಿತವಾಗಿ ಓಡಿಸಿ) ಹಿಂದಿನ ಪ್ರೋಸೆಸ್‌ನ ರಿಜಿಸ್ಟರ್‌ಗಳನ್ನು ಓದಿ ಸೋರಿಸಬಹುದಿತ್ತು. ಎಇಎಸ್ ಗೂಢಲಿಪೀಕರಣದ ಕೀಗಳು ಇರುವುದೂ ಅದೇ ಎಕ್ಸ್‌ಎಂಎಂಗಳಲ್ಲಿ. ಲಿನಕ್ಸ್ ಅದಕ್ಕೂ ಮೊದಲೇ, 2016ರ 4.6ರಲ್ಲಿ, ಪ್ರತಿ ಸ್ವಿಚ್‌ಗೂ ಬದಲಿಸುವುದನ್ನೇ ಡೀಫಾಲ್ಟ್ ಮಾಡಿತ್ತು. ಹೊಸದಾಗಿ ಬರೆಯುವವರು ಟಿಎಸ್ ದಾರಿ ಹಿಡಿಯಲೇಬೇಡಿ.

ಪ್ರಶ್ನೆ ಕೇಳಿದವರು:
ಆರಂಭದ ಬೆಲೆ ಬರೆದ ಮೇಲೆ ಟೈಮರ್ ಆನ್ ಇದ್ದರೂ ಎರಡೂ ಉತ್ತರ ಸರಿಯಾಗಿ ಬರುತ್ತಿವೆ. ಮುಂದೆ ಫೋರ್ಕ್ (ಪ್ರೋಸೆಸ್ ಒಂದರ ನಕಲನ್ನು ಹುಟ್ಟಿಸುವ ಕರೆ) ಬರೆಯಬೇಕು.

ಉತ್ತರ:
ಫೋರ್ಕ್‌ನಲ್ಲಿ ತಂದೆ ಪ್ರೋಸೆಸ್‌ನ 512 ಬೈಟನ್ನು ಹಾಗೇ ನಕಲು ಮಾಡಬೇಡಿ. ಅದರಲ್ಲಿರುವುದು ಹಿಂದಿನ ಸ್ವಿಚ್‌ನ ಬೆಲೆ, ಈಗಿನದು ಇನ್ನೂ ರಿಜಿಸ್ಟರ್‌ಗಳಲ್ಲೇ ಇದೆ. ಎಫ್‌ಎಕ್ಸ್‌ಸೇವ್ ಅನ್ನು ನೇರವಾಗಿ ಮಗುವಿನ ಜಾಗಕ್ಕೇ ಮಾಡಿ.