ಸಹಾಯ ಬೇಕು: ಅಕಾರ್ಡಿಯನ್ ರೀಡು ತಿದಿ ಎಳೆದಾಗ ಮಾತ್ರ ತಡವಾಗಿ ನುಡಿಯುತ್ತೆ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಬರೀತಿದ್ದೀನಿ. ಎಡಗೈಗೆ 120 ಬಾಸ್ ಗುಂಡಿಗಳಿರೋ ಹಳೇ ಅಕಾರ್ಡಿಯನ್. ಬಲಗೈ ಕಡೆಯ 440 ಹರ್ಟ್ಸ್‌ನ ಎ ಸ್ವರ ತಿದಿ ಒತ್ತಿದಾಗ ಸರಿಯಾಗಿದೆ. ಮೆಲ್ಲಗೆ ಎಳೆದರೆ ಮೊದಲು ಬರೀ ಉಸಿರು, ಆಮೇಲೆ ನಾದ. ಜೋರಾಗಿ ಎಳೆದರೆ ತಕ್ಷಣ ನುಡಿಯುತ್ತೆ.

ತೊಂದರೆ ಒಂದೇ ದಿಕ್ಕಲ್ಲಿ ಇರೋದರಿಂದ ಕೀಲಿಯ ಪ್ಯಾಡ್ ಸೋರುತ್ತಿಲ್ಲ. ರೀಡಿನ ತಗಡಿನಲ್ಲಿ ಎರಡು ಸೀಳು, ಒಂದೊಂದಕ್ಕೂ ಕಂಪಿಸಿ ನುಡಿಯೋ ಲೋಹದ ನಾಲಿಗೆ: ಒಂದು ಒತ್ತಿದಾಗ ನುಡಿಯೋದು, ಇನ್ನೊಂದು ಎಳೆದಾಗ. ಎಳೆತದ ನಾಲಿಗೆ ತಗಡಿನ ಒಳಮುಖದಲ್ಲಿ, ಮರದ ಗೂಡಿನೊಳಗಿದೆ. ಎಳೆಯುವಾಗ ಪಕ್ಕದ ಸೀಳನ್ನು ಮುಚ್ಚಬೇಕಾದ ತೊಗಲ ಪಟ್ಟಿಯೂ ಅಲ್ಲೇ, ಕಣ್ಣಿಗೆ ಬೀಳಲ್ಲ. ಅದು ಸುರುಳಿಯಾಗಿರಬಹುದೆಂದು ಆ ಸೀಳಿಗೆ ಹೊರಗಿಂದ ಟೇಪ್ ಅಂಟಿಸಿ ನೋಡಿದೆ: ಅರ್ಧ ಸುಧಾರಿಸಿತು, ಪೂರ್ತಿ ಅಲ್ಲ. ಹಾಗಾಗಿ ನಾಲಿಗೆಯ ತುದಿ ತಗಡಿನಿಂದ ಹೆಚ್ಚು ಎದ್ದಿರೋ ಅನುಮಾನವೂ ಇದೆ. ಆದರೆ ತೀರಾ ತಗ್ಗಿಸಿದರೆ ಜೋರಾಗಿ ಎಳೆದಾಗ ನಾಲಿಗೆ ಕಟ್ಟಿಕೊಂಡು ನುಡಿಯೋದೇ ಇಲ್ಲ. ತುಕ್ಕು ಇದ್ದರೂ ಕೆರೆಯೋಕೆ ಧೈರ್ಯವಿಲ್ಲ. ತುದಿ ಹಗುರಾದರೆ ಶ್ರುತಿ ಏರುತ್ತೆ, ಮತ್ತೆ ರಿವೆಟ್ ಬುಡದಲ್ಲಿ ಕೆರೆದು ಇಳಿಸಬೇಕು.

ತಗಡು ಗೂಡಿಗೆ ಮೇಣದಿಂದ ಅಂಟಿದೆ; ಕಿತ್ತರೆ ಜೇನುಮೇಣ, ರಾಳ ಕರಗಿಸಿ ಹೊಸದಾಗಿ ಮೆತ್ತಬೇಕು. ರಾಳ ಹೆಚ್ಚಾದರೆ ಬಿರುಕು, ಕಮ್ಮಿಯಾದರೆ ಇಲ್ಲಿಯ ಮೇ ಸೆಕೆಗೆ ಮೆತ್ತಗಾಗುತ್ತೆ.

ಬಲ್ಲವರು ಹೇಳಿ: ತಗಡು ಕೀಳದೆ, ಸೀಳಿನೊಳಗಿಂದ ಕೊಕ್ಕೆ ಹಾಕಿ ನಾಲಿಗೆಯ ಎತ್ತರ ಮೊದಲು ಸರಿಮಾಡಲೋ, ಅಥವಾ ನೇರ ಕಿತ್ತು ಒಳಗಿನ ತೊಗಲು ಬದಲಿಸಲೋ? ಕೀಳೋದಾದರೆ ಮುಂಬೈ ಹವೆಗೆ ಎಷ್ಟು ಮೇಣಕ್ಕೆ ಎಷ್ಟು ರಾಳ?